ಬುಸುಗುಡೋದು ನಿಲ್ಲೋತನಕ

ನನ್ನ ಹೆಸರು ಗಾಳೆಪ್ಪ. ನಗಬ್ಯಾಡ್ರಿ,
ಸಾಣಾಪುರದ ಈ ಬಂಡಿಗಳ ನಡುವ
ಗಾಳಿ ಕಾಯೋದ ನನ್ನ ಕೆಲಸ.
ರವಿವಾರ ಗಂಗಾವತಿಯ ರೈಸ್‌ಮಿಲ್ ಹುಡುಗರು
ಬಣ್ಣದ ಗುಂಡಿನ ಯುದ್ಧಕ್ಕ ಬರತಾರ,
ಒಬ್ಬರಿಗೊಬ್ಬರು ನೀಲಿ, ಹಳದಿ ಹೊಡಕೊಂಡು
ನಕ್ಕೋತ ಎದ್ದು ಹೋಗತಾರ.
ಯಾರೂ ಸಾಯದ ಯುದ್ಧ. ಛಲೋನ ಐತಿ.

ಅವರ ಬೆನ್ನಿಗೆ ಬಾಟ್ಲಿ ಕಟ್ಟತೀನಿ.
ತುಂಬಿದ ಕೊಡದಷ್ಟು ತೂಕ ಇಲ್ಲ,
ಒಳಗ ಮಾತ್ರ ಲಾರಿ ಟೈರಿಗಿಂತ
ಮೂವತ್ತು ಪಟ್ಟು ಒತ್ತಿ ಕೂಡ್ರಿಸಿದ ಗಾಳಿ.
ಭುಜದ ಮ್ಯಾಲೆ ಹಾದು ಸುರುಳಿ ಪೈಪು
ಬಂದೂಕಿಗೆ ಹೋಗತೈತಿ.
ಕೈ ಹಗುರ, ಭಾರ ಎಲ್ಲಾ ಬೆನ್ನಿಗೆ.
ಬದುಕೂ ಹಂಗ ಅಂತ ಹೇಳಬಹುದಿತ್ತು.
ಹೇಳಂಗಿಲ್ಲ. ಇದು ಪೈಪಿನ ಮಾತು.

ಶೈನಾಜ, ಇಲ್ಲಿ ಬಾ. ಮೊದಲ ಕೈ ತೊಳಕೋ.
ಮಿರ್ಚಿ ತಿಂದ ಕೈಲೆ ಬಾಟ್ಲಿ ಮೂತಿ ಮುಟ್ಟಬ್ಯಾಡ.
ಎಣ್ಣಿ, ಒತ್ತಿದ ಗಾಳಿ, ಎರಡೂ
ಒಂದ ಮನ್ಯಾಗ ಬಾಳೇವು ಮಾಡಂಗಿಲ್ಲ,
ಕಡ್ಡಿ ಗೀರೋದೂ ಬ್ಯಾಡ, ತಾನ ಹತ್ತಿ ಉರಿತೈತಿ.
ಕೊರಳಿನ ತಾರೀಖು ಓದು. ಮುಗದಿದ್ರ ಅದು ಬರೇ ತಗಡು,
ಮೂಲ್ಯಾಗ ಇಡು, ತುಂಬಬ್ಯಾಡ.
ಪೈಪು ಜಾಲಿ ಮುಳ್ಳಿಗೆ ಸಿಗದಂಗ ನೋಡು.
ಸೋರತೈತಿ ಅನಿಸಿದ್ರ ಬಟ್ಟು ಹಚ್ಚಿ ಹುಡುಕಬ್ಯಾಡ,
ಸಾಬೂನು ನೀರು ಬಳಿ,
ಎಲ್ಲಿ ಅಂತ ಗುಳ್ಳಿ ಹೇಳತಾವು.
ಮತ್ತ ಬಂಡಿ ಮ್ಯಾಲೆ ಇಡಬ್ಯಾಡ.
ಏಪ್ರಿಲ್‌ನ್ಯಾಗ ಈ ಬಂಡಿ ಹಂಚಿನಂಗ ಕಾಯತೈತಿ,
ರೊಟ್ಟಿ ಬಡಿದು ಹಾಕಿದ್ರ ಉಬ್ಬೀತು.

ಕುಷ್ಟಗಿ ಕಡೆ ಕ್ವಾರಿಯೊಳಗ
ಹನ್ನೊಂದು ವರ್ಷ ಕಲ್ಲಿಗೆ ತೂತು ಕೊರದೀನಿ.
ಕಂಪ್ರೆಸರ್ ಅಲ್ಲಿ, ನಾವು ಇಲ್ಲಿ, ನಡುವ ಪೈಪು.
ಉಟಾದ ಹೊತ್ತು. ಯಮನೂರಪ್ಪಗ ಹಸಿವು.
ಮಿಷನ್ ಬಂದಾಗಿತ್ತು.
ಹೌದು, ಬಂದಾಗಿತ್ತು,
ಪೈಪಿಗೆ ಅದು ಗೊತ್ತಿರಲಿಲ್ಲ.
ಜೋಡು ಬಿಚ್ಚಿದ.
ಹಾವಿನಂಗ ಅಂತಾರ ಮಂದಿ. ಸುಳ್ಳು.
ಹಾವಿಗೆ ಒಂದು ದಿಕ್ಕು ಇರತೈತಿ, ಒಂದು ಸಿಟ್ಟು ಇರತೈತಿ.
ಅದಕ್ಕ ಎರಡೂ ಇರಲಿಲ್ಲ.
ಎಡಗಣ್ಣು.
ಬುತ್ತಿ ಗಂಟು ಬಿಚ್ಚಿದ್ದಿಲ್ಲ ಇನ್ನಾ.

ಇವತ್ತು ಒಬ್ಬ ಹುಡುಗ, ಮೈಯೆಲ್ಲಾ ಹಳದಿ,
ಸೋತು ಬಂದವನ ಬಾಟ್ಲಿ ತಿರುಗಾಕ ಹತ್ತಿದ.
'ಕಾಕಾ, ಲಗೂನ, ಬಸ್ಸು ಹೋಗತೈತಿ.'
ಪೈಪು ಇನ್ನಾ ಬಿಗಿ ಇತ್ತು.
ಅವನ ಕೈ ಮ್ಯಾಲೆ ನನ್ನ ಕೈ ಇಟ್ಟೆ,
ಬೈಯಲಿಲ್ಲ. ಬಾಯಿಗೆ ಬರಲೂ ಇಲ್ಲ.
ಶೈನಾಜ ಬಂದಳು, ಕನ್ನಡಕ ಹಾಕ್ಕೊಂಡೇ,
ಅವನೂ ತೆಗೀದಂಗ ಕಣ್ಣಿನಿಂದ ಹೇಳಿದಳು.
ಬಾಟ್ಲಿ ಕಡೆ ಕವಾಟ ಹಿಂದ ಸರಿಸಿದಳು.
ಗುಂಡು ತೆಗೆದು, ಬಂದೂಕಿನ ಬಾಯಿ ನೆಲಕ್ಕ ಮಾಡಿ
ಒಂದು, ಎರಡು, ಮೂರು
ಬರೇ ಗಾಳಿ ಹೊಡೆದಳು, ಮಣ್ಣು ಹಾರಿತು.
ಆಮ್ಯಾಲೆ ಸಂದಿನಿಂದ ಸಣ್ಣಗ
ಬುಸ್ ಅಂತ, ಬುಸ್, ಬು,
ಸುರುಳಿ ಸಡಿಲಾಗಿ ಅವಳ ತೋಳ ಮ್ಯಾಲೆ ಬಿತ್ತು.
ಮುಳ್ಳು ಸೊನ್ನಿಗೆ ಬಂತು.
'ಈಗ' ಅಂದಳು.
ಹುಡುಗ ಬಿಚ್ಚಿದ. ಏನೂ ಆಗಲಿಲ್ಲ.

ಏನೂ ಆಗಲಿಲ್ಲ ಅನ್ನೋದನ್ನ
ಯಾರೂ ಫೋಟೋ ತೆಗಿಯಂಗಿಲ್ಲ.
ಬಸ್ಸು ತಪ್ಪಿತು, ಬೈಕೋತ ಆಟೊ ಹತ್ತಿದರು.

ಸಂಜಿ ಕೆರಿ ಮ್ಯಾಲಿಂದ ಗಾಳಿ ಬೀಸತೈತಿ,
ಇದಕ್ಕ ಯಾರೂ ಮುಚ್ಚಳ ಹಾಕಿಲ್ಲ.
ತಾವರಗೇರಾದಿಂದ ಯಮನೂರಪ್ಪನ ಫೋನು,
ಪ್ರತಿ ರವಿವಾರ ಇದ ಹೊತ್ತಿಗೆ.
'ಎಷ್ಟು ಕಟ್ಟಿದಿ ಇವತ್ತು?'
'ಇಪ್ಪತ್ತನಾಕು.'
'ಪೈಪು ಎಲ್ಲಾ ಖಾಲಿ ಆದ್ವಾ?'
'ಆದ್ವು.'
'ನೀನ ನೋಡಿದ್ಯಾ?'
'ಹುಡುಗಿ ನೋಡ್ಯಾಳ.'
ಒಂದು ತಾಸಿನಷ್ಟು ಸುಮ್ಮನಿದ್ದಂಗ ಅನಿಸತೈತಿ.
'ನೀನೂ ಒಮ್ಮೆ ನೋಡು' ಅಂತಾನ,
ಫೋನು ಇಡತಾನ.

ಎದ್ದು ಹೋಗಿ ನೋಡತೀನಿ.