ಬೆನ್ನಿಲ್ಲದ ಬೀರು

ಕೆಲಸ ಬಂದದ್ದು ಒಂದೇ ಸಾಲಿನಲ್ಲಿ:
ಅಡುಗೆಮನೆ, ಒಂಟಿ ಹೆಂಗಸು, ತೀರಿಕೊಂಡು ಒಂದು ವಾರ.
ಆಟಗಾರ ಇಲ್ಲಿರುವುದು ಹನ್ನೊಂದು ಸೆಕೆಂಡು.
ಹಿತ್ತಿಲ ಬಾಗಿಲಿಂದ ನುಗ್ಗಿ, ಮೇಜಿನ ಮೇಲಿನ ಬೀಗದ ಕೈ ಎತ್ತಿಕೊಂಡು
ಮಹಡಿ ಹತ್ತಬೇಕು; ಅಲ್ಲಿ ಬಂದೂಕು ಕಾದಿದೆ.

ಡಂಡೀಯಲ್ಲಿ ನಮ್ಮ ಕಚೇರಿ, ಹಿಂದೆ ಸೆಣಬಿನ ಗಿರಣಿ.
ಕಿಟಕಿ ಒರೆಸಿದರೂ ಟೇ ನದಿ ಕಾಣುವುದಿಲ್ಲ ಈ ವಾರ,
ಕಡಲ ಮಂಜು ರೈಲು ಸೇತುವೆಯನ್ನು ಅರ್ಧಕ್ಕೇ ನುಂಗಿ ಕೂತಿದೆ.
ನಾನು ಕುರ್ಚಿ ಕೆತ್ತುತ್ತೇನೆ. ಮರ ಇಲ್ಲ, ಉಳಿ ಇಲ್ಲ,
ಬರೀ ತ್ರಿಕೋನ. ಅವಕ್ಕೂ ಲೆಕ್ಕ:
ಕುರ್ಚಿಗೆ ಎಂಟುನೂರು, ಕೆಟಲಿಗೆ ಆರುನೂರು,
ಸಕ್ಕರೆ ಡಬ್ಬಿಗೆ ಉಳಿದದ್ದರಲ್ಲಿ ಸುಧಾರಿಸು.

ಬೀರುವಿಗೆ ಬೆನ್ನಿಲ್ಲ.
ಗೋಡೆಗೆ ಒರಗಿದ್ದನ್ನು ಯಾರು ತಿರುಗಿಸಿ ನೋಡುತ್ತಾರೆ?
ಡ್ರಾಯರಿಗೆ ಹಿಡಿ ಉಂಟು, ಒಳಗು ಇಲ್ಲ.
ಪುಸ್ತಕಗಳಿಗೋ ಬೆನ್ನು ಮಾತ್ರ,
ಬೀರುವಿನದನ್ನು ಕಿತ್ತು ಇವಕ್ಕೆ ಹಂಚಿದಂತೆ.

'ಇಲ್ಲಿ ಯಾರೂ ಟೀ ಕುಡಿದಿಲ್ಲ' ಅಂದಳು ಎಲ್ಸ್‌ಪೆತ್,
ನನ್ನ ಹೆಗಲ ಮೇಲಿಂದ ಬಗ್ಗಿ, ಬಿಸ್ಕತ್ತು ಕಡಿಯುತ್ತ.
'ಹೋಗು, ಕುಡಿದವರ ಪಾತ್ರೆ ನೋಡಿ ಬಾ.'

ಹಾಗಾಗಿ ಶನಿವಾರ, ಬ್ರಾಟಿ ಫೆರಿಯ ಚಾರಿಟಿ ಅಂಗಡಿ,
ಸತ್ತವರ ಕಪ್ಪುಬಸಿ ಪೆಟ್ಟಿಗೆಗಟ್ಟಲೆ ಬಂದು ಬೀಳುವ ಜಾಗ.
ಎರಡು ಪೌಂಡಿಗೆ ಸಿಕ್ಕಿತು ಪಿಂಗಾಣಿಯ ಟೀ ಗಿಂಡಿ,
ಅದರ ಉಣ್ಣೆಯ ಕುಲಾವಿ ಸಮೇತ.
ಮೂತಿಯಲ್ಲಿ ಚಕ್ಕೆ ಎದ್ದಿತ್ತು. ಒಳಗೆಲ್ಲ ಕಂದು ಕರೆ, ಸಾಬೂನಿಗೆ ಜಗ್ಗದ್ದು,
ಎಷ್ಟು ಬೆಳಗು ಸೇರಿದರೆ ಆ ಬಣ್ಣ ಕೂಡುತ್ತದೋ.
ತಳದಲ್ಲಿ ಮಡಚಿದ ಚೀಟಿ:
ನೆಟ್ಟಾಗೆ ನಾಲ್ಕು ಪೌಂಡು ಕೊಡುವುದಿದೆ. ಮರೆಯಬೇಡ.

ಚೀಟಿಯನ್ನು ಇದ್ದ ಹಾಗೇ ಆಟದೊಳಗೆ ತಂದೆ,
ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತ ಒತ್ತಿ ನಿಲ್ಲಿಸಿದೆ.
ಅದೇ ತಪ್ಪಾಯಿತು.

ಪರೀಕ್ಷೆಗೆ ಕೂತವರು ಇಡೀ ಮಧ್ಯಾಹ್ನ ನೆಟ್ಟಾಳನ್ನು ಹುಡುಕಿದರು.
ಕಂಡ ಕಂಡ ಬೀಗಕ್ಕೆ ನಾಲ್ಕು ಒತ್ತಿದರು,
ನಾಲ್ಕು ಸಲ ಒಲೆ ಒದ್ದರು,
ಊರಾಚೆಯ ಗೋರಿಗಳ ಹೆಸರು ಓದುತ್ತ ಕತ್ತಲು ಮಾಡಿಕೊಂಡರು.
ಬಂದೂಕು ಮಹಡಿಯಲ್ಲಿ ಕಾದೇ ಕಾಯಿತು.
ರೂರಿ ಎಂಬ ಹುಡುಗ ಸಿಟ್ಟಿನಲ್ಲಿ ಬರೆದ:
ತೀರಿಸಲು ದಾರಿ ಇಲ್ಲದ ಸಾಲವನ್ನು ಯಾಕೆ ತೋರಿಸಿದಿರಿ?

ನನ್ನ ಹತ್ತಿರ ಉತ್ತರ ಇರಲಿಲ್ಲ.
ಸೋಮವಾರ ಚೀಟಿ ತೆಗೆದೆ.
'ಇಲ್ಲಿ ಅಕ್ಷರ ಕಂಡರೆ ಸುಳಿವು ಅಂದುಕೊಳ್ಳುತ್ತಾರೆ' ಅಂದಳು ಎಲ್ಸ್‌ಪೆತ್.
'ಬಾಳಿದ್ದನ್ನು ಇಡು. ಬಾಯಿ ಬಿಡದ ಹಾಗೆ ಇಡು.'

ಆಮೇಲೆ ಮೂರು ದಿನ ನೆಲ ಒಂದನ್ನೇ ತಿದ್ದಿದೆ.
ಒಲೆಯ ಮುಂದೆ, ಎರಡು ಪಾದದಗಲ,
ಲಿನೋಲಿಯಮ್ಮಿನ ಹೂಗಳು ಸವೆದು ಬಿಳಿಚಿದ ಜಾಗ;
ಎಡಗಡೆ ತುಸು ಹೆಚ್ಚು. ಅವಳಿಗೆ ಬಲಮಂಡಿ ನೋಯುತ್ತಿತ್ತು,
ಅದು ನನಗೂ ಗೊತ್ತಾದದ್ದು ಮೂರನೆಯ ದಿನವೇ.
ಸ್ವಿಚ್ಚಿನ ಸುತ್ತ ಬೆರಳ ಜಿಡ್ಡು.
ಎರಡು ಕುರ್ಚಿಯಲ್ಲಿ ಒಂದರ ಮೆತ್ತೆ ಮಾತ್ರ ತಗ್ಗು.

ಈ ಸಲ ಯಾರೂ ದೂರಲಿಲ್ಲ. ಯಾರೂ ನಿಲ್ಲಲೂ ಇಲ್ಲ.
ಬೀಗದ ಕೈ ಎತ್ತಿದರು, ಹತ್ತಿದರು, ಸುಟ್ಟರು.
ರೂರಿ ಮಾತ್ರ, ದಾಖಲೆ ತೆಗೆದು ನೋಡಿದೆ,
ಮೆಟ್ಟಿಲಿನಿಂದ ಹಿಂದಿರುಗಿ ಬಂದು
ಸರಿಯಾಗಿ ಆ ಬಿಳುಪಿನ ಮೇಲೆ
ಇಪ್ಪತ್ತಾರು ಸೆಕೆಂಡು ನಿಂತಿದ್ದಾನೆ, ಒಲೆಗೆ ಮುಖ ಮಾಡಿ.
ಫೋನು ಬಂದಿರಬಹುದು. ಉಚ್ಚೆಗೆ ಎದ್ದಿರಬಹುದು.

ಗಿಂಡಿ ನನ್ನ ಮೇಜಿನ ಮೇಲಿದೆ, ಪೆನ್ನು ಹಾಕಲು ಆಯಿತು.
ಚೀಟಿ ಬೀರುವಿನ ಹಿಂದಿದೆ, ಬೆನ್ನಿಲ್ಲದ ಕಡೆ,
ಗೋಡೆಗೆ ಮುಖ ಮಾಡಿ.
ಎರಡೇ ತ್ರಿಕೋನ.
ಎಲ್ಸ್‌ಪೆತ್‌ಗೆ ಹೇಳಬೇಡಿ.