ಬಿಡಿ ಗುಳಿಗೆ

ಕೌಲ್ ಬಜಾರದ ಮೂಲೆಯ ಮೆಡಿಕಲ್ಲಿನಲ್ಲಿ
ಹನ್ನೊಂದು ವರ್ಷದಿಂದ ನನ್ನ ಕೈಗೊಂದು ಕತ್ತರಿ.
ಔಷಧಿ ಓದಿದವನಲ್ಲ ನಾನು.
ಸರ್ಟಿಫಿಕೇಟು ಗೋಡೆ ಮೇಲಿದೆ,
ಅದರೊಳಗಿನ ಹೆಸರಿನವರು ಹೊಸಪೇಟೆಯಲ್ಲಿದ್ದಾರೆ.

ರಾತ್ರಿ ಎಂಟಕ್ಕೆ ಜೀನ್ಸ್ ಯೂನಿಟ್ಟು ಬಿಟ್ಟಾಗ
ಬರುತ್ತಿದ್ದಳು, ಬೆರಳೆಲ್ಲ ನೀಲಿ.
ಕಾಜಾ ಹಾಕುವ ಖಾಜಾಬಿ ಅಂತ ನಾನೇ ನಗಿಸಿದ್ದೆ.
ಪ್ಯಾಂಟಿಗೊಂದು ಕಾಜಾ, ದಿನಕ್ಕೆ ಏಳುನೂರು ಪ್ಯಾಂಟು,
ಸೊಂಟ ಅನ್ನೋದು ಇತ್ತೋ ಇಲ್ಲೋ.
"ಮೊನ್ನೇದೇ ಕೊಡು, ಗುಲಾಬಿದು. ನಾಲ್ಕು."

ಹತ್ತರ ಪಟ್ಟಿಯಲ್ಲಿ ನಾಲ್ಕು ಕತ್ತರಿಸುತ್ತಿದ್ದೆ,
ಚರಕ್ಕನೆ.
ಹೆಸರು, ತಾರೀಖು, ಕೆಂಪು ಗೆರೆ ಇದ್ದ ತುದಿ
ನನ್ನ ಡಬ್ಬಿಗೆ.
ಬರೀ ಬೆಳ್ಳಿ ಹಾಳೆ
ಅವಳ ಅಂಗೈಗೆ.

ಏಪ್ರಿಲ್ಲಿನಲ್ಲಿ ನಮ್ಮೂರ ಬಂಡೆಗುಡ್ಡ
ನಡುರಾತ್ರಿಯೂ ಬಿಸಿ ಉಸಿರು ಬಿಡುತ್ತದೆ.
ನೀರು ಜಾಸ್ತಿ ಕುಡಿಬೇಕು ಖಾಜಾಬಿ, ಅಂದರೆ
"ಕುಡಿದ್ರೆ ಹೋಗಬೇಕಲ್ಲ, ಎಲ್ಲಿಗೆ ಹೋಗ್ಲಿ?
ಅರವತ್ತು ಮಂದಿಗೆ ಒಂದು ಬಾಗಿಲು,
ಅದಕ್ಕೂ ಚಿಲಕ ಇಲ್ಲ."
ಒಂದೇ ಗುಟುಕಿನಲ್ಲಿ ಎರಡು ನುಂಗಿ ಹೊರಡುತ್ತಿದ್ದಳು.

ಮೊದಲು ಚಪ್ಪಲಿ ಬಿಗಿಯಾಯಿತಂತೆ.
ಆಮೇಲೆ ಮುಂಜಾನೆ ಕಣ್ಣಿನ ಸುತ್ತ ಬಾವು.
ಆಮೇಲೆ ಒಗ್ಗರಣಿ-ಮಿರ್ಚಿಯ ವಾಸನೆಗೇ ವಾಂತಿ.
ವಾಂತಿಗೂ ನನ್ನ ಹತ್ತಿರವೇ ಬಂದಳು.
ಅದಕ್ಕೂ ಕೊಟ್ಟೆ.
ಬಿಡಿ, ಎರಡು.

ಇವತ್ತು ಮಧ್ಯಾಹ್ನ ದೊಡ್ಡಾಸ್ಪತ್ರೆಯ ಫೈಲು ಹಿಡಿದು ಬಂದಳು,
ಕುತ್ತಿಗೆಯ ಪಕ್ಕ ಪ್ಲಾಸ್ಟರು.
"ಎರಡೂ ಒಣಗಿ ಅಲಸಂದಿ ಕಾಳಾಗ್ಯಾವಂತೆ.
ಇಷ್ಟು ವರ್ಷ ಏನು ನುಂಗಿದೆ ಅಂತ ಡಾಕ್ಟ್ರು ಕೇಳಿದ್ರು.
ಗುಲಾಬಿದು ಅಂದೆ. ದುಂಡಗಿಂದು ಅಂದೆ.
ನಕ್ಕರು. ಆಮೇಲೆ ನಗಲಿಲ್ಲ.
ಹೆಸರು ಬರ್ಕೊಡು."

ಡಬ್ಬಿ ತೆಗೆದೆ. ಒಂದು ತುಂಡು ಉಳಿದಿತ್ತು.
ಇರುವೆಯಂಥ ಇಂಗ್ಲಿಷ್ ಅಕ್ಷರ;
ಒಂದೊಂದೇ ಕೂಡಿಸಿ ಬರೆಯುವಾಗ ಹೊಳೆಯಿತು,
ಸಾವಿರಾರು ಕೊಟ್ಟ ಈ ಕೈ
ಅದರ ಹೆಸರನ್ನು ಒಮ್ಮೆಯೂ ಬರೆದಿರಲಿಲ್ಲ.

ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡಳು. ಬೈಯಲಿಲ್ಲ.
ಬೈದಿದ್ದರೆ ಏನಾದರೂ ಅನ್ನಬಹುದಿತ್ತು.
ಮಾಲೀಕರ ಕ್ಯಾನಿನಿಂದ ತಣ್ಣನೆ ನೀರು ಹಿಡಿದು ಕೊಟ್ಟೆ.
ಲೋಟವನ್ನು ನೋಡಿದಳು, ಮುಟ್ಟಲಿಲ್ಲ.
"ಈಗ ಅಳತೆ ಐತೆ ನನಗೆ. ದಿನಕ್ಕೆ ನಾಲ್ಕು ಲೋಟ.
ಮೂರು ಆಗ್ಯಾವೆ."

ಮೆಟ್ಟಿಲಿಳಿದವಳು ತಿರುಗಿ ನಿಂತಳು:
"ಸೊಂಟ ಮಾತ್ರ ಹಂಗೇ ಐತೆ ನೋಡು.
ಅದಕ್ಕೀಗ ಏನು ಕೊಡ್ತೀ?"