ಮೂರನೆಯ ಗೆರೆ

ಬಾರ್ನ್ಸ್‌ಲಿ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ
ಹಗಲೆಲ್ಲ ಜನರ ಪಕ್ಕೆಲುಬು ನೋಡುವವಳು ನಾನು.
ಅದಕ್ಕೇ ಇರಬೇಕು, ಪಕ್ಕದ ಮನೆಯ ವಿಲ್ಫ್ ಆಕ್ರಾಯ್ಡ್
ಬೇಲಿಯ ಮೇಲಿಂದ ಕೇಳಿದರು:
"ಒಂದು ಪೆಟ್ಟಿಗೆ ಬಿಚ್ಚಿ ನೋಡ್ತೀಯಾ, ಲವ್?"
(ಈ ಊರಲ್ಲಿ ಬಸ್ಸಿನ ಡ್ರೈವರೂ ನನ್ನನ್ನು ಹಾಗೇ ಕರೆಯುತ್ತಾನೆ.)

ಹಿತ್ತಲ ತುದಿಗೆ ಹಲಗೆಯ ಶೆಡ್ಡು.
ಮನೆಗೂ ಶೆಡ್ಡಿಗೂ ನಡುವೆ ಪಾರಿವಾಳದ ಗೂಡು,
ಗೂಡಲ್ಲ, ಬಿಳಿ ಬಣ್ಣ ಬಳಿದ ಪುಟ್ಟ ಬಂಗಲೆ;
ಅವರ ಮುಂಬಾಗಿಲು ಅಷ್ಟು ಬಣ್ಣ ಕಂಡಿಲ್ಲ.
ಶೆಡ್ಡಿನೊಳಗೆ ಹಳದಿಗಟ್ಟಿದ ಕಂಪ್ಯೂಟರು
ಇಪ್ಪತ್ತು ವರ್ಷದ ಪಂದ್ಯದ ಲೆಕ್ಕ ಹೊಟ್ಟೆಯಲ್ಲಿಟ್ಟುಕೊಂಡು
ಗುರ್ ಅನ್ನುತ್ತ ಕೂತಿತ್ತು.
ಕ್ಲಬ್ಬಿನವರು ಈಗ ಕಾಗದದಲ್ಲಿ ಫಲಿತಾಂಶ ಕಳಿಸುವುದಿಲ್ಲ.
ತಂತಿ ಎಳೆಯೋಣವೆಂದರೆ ಗೂಡಿಗೆ ತೂತು ಕೊರೆಯಬೇಕು;
"ಕೊರೆದರೆ ಒಂದು ವಾರ ಮುನಿಸಿಕೊಳ್ಳುತ್ತವೆ" ಎಂದರು.

ಸಂತೆಯಲ್ಲಿ ಐದು ಪೌಂಡಿಗೆ ತಂದ ಕಾರ್ಡು,
ಅಂಗೈ ಅಗಲ, ಹಸಿರು, ಬೆನ್ನಿಗೊಂದು ಕರಿ ಕೊಂಬು.
ತಿರುಪು ಬಿಚ್ಚಿ ಮಗ್ಗುಲ ತಗಡು ಸರಿಸಿದರೆ
ಒಳಗೆಲ್ಲ ಗರಿಯ ಹಿಟ್ಟು;
ಫ್ಯಾನಿನ ರೆಕ್ಕೆಗೆ ಹಕ್ಕಿಯ ರೆಕ್ಕೆ ಅಂಟಿ
ಯಾವುದು ಯಾರದೋ ತಿಳಿಯದ ಹಾಗೆ.
ಊದಿದೆ. ಸೀನಿದೆ. ಅವರೂ ಸೀನಿದರು.
ಮೊದಲ ಗಂಡಿಯಲ್ಲಿ ಕೂರಲಿಲ್ಲ. ಎರಡನೆಯದರಲ್ಲಿ
ಹೆಬ್ಬೆರಳು ಬೆಳ್ಳಗಾಗುವ ತನಕ ಒತ್ತಿದ ಮೇಲೆ
ಟಕ್ ಅಂದಿತು, ಜಾರಿದ ಭುಜ ಕೀಲಿಗೆ ಮರಳಿದ ಹಾಗೆ.
ಒಂದು ತಿರುಪು ಒಳಗೇ ಬಿತ್ತು. ಈಗಲೂ ಅಲ್ಲೇ ಇದೆ.

ಪರದೆಯ ಮೇಲೆ: ಡ್ರೈವರ್ ಸಿಗಲಿಲ್ಲ.
"ಎಲ್ಲಿ ಸಿಗುತ್ತೆ ಅದು?"
"ಇಂಟರ್ನೆಟ್ಟಿನಲ್ಲಿ."
"ಅಲ್ಲಿಗೆ ಹೋಗೋದು ಹೇಗೆ?"
"ಡ್ರೈವರ್ ಸಿಕ್ಕ ಮೇಲೆ."
ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು
ಅಂತ ನಮ್ಮ ಕಡೆಯ ಮಾತನ್ನು ಅವರ ಭಾಷೆಗೆ ತಿರುಗಿಸಿ ಹೇಳಿದೆ.
ಕಾಳಿನ ಚೀಲದ ಮೇಲೆ ಕೂತು ನಕ್ಕರು ವಿಲ್ಫ್:
"ನಮ್ಮಣ್ಣನ ಕತೆ ನಿನಗ್ಯಾರು ಹೇಳಿದ್ದು?"

ಮರುದಿನ ಊಟದ ಬಿಡುವಿನಲ್ಲಿ ಇಳಿಸಿಕೊಂಡು
ಪೆನ್‌ಡ್ರೈವನ್ನು ಕೋಟಿನ ಜೇಬಿನಲ್ಲಿಟ್ಟು
ಬಸ್ಸಿನಲ್ಲಿ ಮನೆಗೆ ತಂದೆ.
ತಂತಿಯಿಲ್ಲದ್ದನ್ನೂ ಮೊದಲ ಸಲ ಯಾರೋ ಹೊತ್ತು ತರಬೇಕು.
ಪಾಸ್‌ವರ್ಡು ಮೂರು ಸಲ ತಪ್ಪಿತು.
ನಾಲ್ಕನೆಯ ಸಲ ಕಣ್ಣು ಮುಚ್ಚಿ, ಎಂದೋ ಸತ್ತ
ಒಂದು ಹೆಣ್ಣು ಹಕ್ಕಿಯ ಕಾಲುಂಗುರದ ಸಂಖ್ಯೆಯನ್ನು
ಮಗ್ಗಿಯಂತೆ ಒಪ್ಪಿಸಿದರು.
ಮೂರು ಹಸಿರು ಗೆರೆ ಎದ್ದವು.

ಸಂಜೆಗೆ ಒಂದೇ ಗೆರೆ.
ಕೊಂಬು ತಿರುಗಿಸಿದೆ, ಕಾರ್ಡು ಒತ್ತಿದೆ,
ಐದು ಪೌಂಡಿನ ಮಾಲಿಗೆ ಇಷ್ಟೇ ಅಂತ ಬೈದೆ.
ಮಧ್ಯಾಹ್ನ ಮತ್ತೆ ಮೂರು. ಸಂಜೆ ಒಂದು.
ನಾಲ್ಕನೆಯ ದಿನ ತಲೆಗೆ ಹೊಳೆಯಿತು:
ಹಕ್ಕಿಗಳು ಹೊರಗಿದ್ದರೆ ಮೂರು, ಗೂಡಿನಲ್ಲಿದ್ದರೆ ಒಂದು.
ನಡುವೆ ಅರವತ್ತು ಬೆಚ್ಚನೆ ಮೈ.
ಮೈಯೆಂದರೆ ಬಹುಪಾಲು ನೀರು, ನೀರು ಅಲೆಯನ್ನು ನುಂಗುತ್ತದೆ.
ನನಗೆ ಮೊದಲೇ ಗೊತ್ತಾಗಬೇಕಿತ್ತು.
ಮೈ ಎಷ್ಟು ತಡೆಯುತ್ತದೆ ಅನ್ನುವುದೇ ನನ್ನ ಅನ್ನ.
"ಹಾಗಾದರೆ ಎಣಿಸುತ್ತಿದೆ ಅನ್ನು" ಎಂದರು ವಿಲ್ಫ್,
ಮೊದಲ ಸಲ ಆ ಪೆಟ್ಟಿಗೆಯನ್ನು ತಟ್ಟಿ.

ಶನಿವಾರ ಕಡಲಾಚೆಯಿಂದ ಬಿಟ್ಟಿದ್ದರು, ಹೆಚ್ಚುಕಡಿಮೆ ಎಲ್ಲವನ್ನೂ.
ದಾರಿಯಲ್ಲಿ ಗುಡುಗು ಅಂತ ರೇಡಿಯೋ ಹೇಳಿತು.
ಒಂಬತ್ತೂವರೆಗೆ ಚಹಾ ಹಿಡಿದು ಹೋದೆ.
ದೀಪ ಹಚ್ಚಿರಲಿಲ್ಲ. ಪರದೆಯ ಬೆಳಕು ಅವರ ಕಿವಿಯ ಮೇಲೆ.
"ಸಿಗ್ನಲ್ ಹೇಗಿದೆ?" ಅಭ್ಯಾಸಬಲದಿಂದ ಕೇಳಿಬಿಟ್ಟೆ.
"ಚೆನ್ನಾಗಿದೆ" ಎಂದರು, ತೆರೆದ ಬಾಗಿಲ ಕಡೆ ನೋಡುತ್ತ.
"ಇನ್ನೂ ತುಂಬಾ ಚೆನ್ನಾಗಿದೆ."